ಪಂಚಾಯತ್ ಓಟಿನ ಪಟ್ಟಿಯೇ ಬೇರೆ: ಕಾಸರಗೋಡಿನವರು ಈಗಲೇ ನೋಡಿಕೊಳ್ಳಬೇಕಾದದ್ದು

"ಅಸೆಂಬ್ಲಿಗೆ ಓಟು ಹಾಕಿದ್ದೇನೆ, ಗುರುತಿನ ಚೀಟಿ ಕೈಯಲ್ಲೇ ಇದೆ, ಮತ್ತೆ ಇಲ್ಲಿ ಹೆಸರಿಲ್ಲ ಅಂದರೆ ಹೇಗೆ?" ಪಂಚಾಯತ್ ಚುನಾವಣೆಯ ದಿನ ನಮ್ಮ ಕಡೆಯ ಬೂತ್‌ಗಳ ಹೊರಗೆ ಈ ಮಾತು ಕೇಳಿಬರುತ್ತದೆ. ಕೇಳುವವರ ಸಂಕಟ ನಿಜವಾದದ್ದು. ಆದರೆ ಆ ಹೊತ್ತಿಗೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಪಟ್ಟಿ ಮುಗಿದು ಹೋಗಿರುತ್ತದೆ.

ಕಾರಣ ಇಷ್ಟೇ. ಲೋಕಸಭೆ ಮತ್ತು ವಿಧಾನಸಭೆಗೆ ಒಂದು ಪಟ್ಟಿ. ಅದನ್ನು ಮಾಡುವುದು ದೆಹಲಿಯ ಭಾರತ ಚುನಾವಣಾ ಆಯೋಗ, ಸಂಸತ್ತು ಮಾಡಿದ ಕಾನೂನಿನ ಪ್ರಕಾರ. ಪಂಚಾಯತ್ ಮತ್ತು ನಗರಸಭೆಗೆ ಇನ್ನೊಂದು ಪಟ್ಟಿ. ಅದು ಕೇರಳ ರಾಜ್ಯ ಚುನಾವಣಾ ಆಯೋಗದ್ದು. ಅದರ ಹಿಂದಿರುವುದು ಕೇರಳ ವಿಧಾನಸಭೆ 1994ರಲ್ಲಿ ಮಾಡಿದ ಎರಡು ಕಾನೂನುಗಳು: ಕೇರಳ ಪಂಚಾಯತ್ ರಾಜ್ ಕಾಯಿದೆ ಮತ್ತು ಕೇರಳ ಮುನಿಸಿಪಾಲಿಟಿ ಕಾಯಿದೆ. ಎರಡು ಆಯೋಗಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಒಂದರಲ್ಲಿ ಹೆಸರು ಇದ್ದ ಮಾತ್ರಕ್ಕೆ ಇನ್ನೊಂದರಲ್ಲಿ ಇರುವುದಿಲ್ಲ.

2025ರ ನವೆಂಬರ್‌ನಲ್ಲಿ ಈ ಗೊಂದಲ ಜಾಸ್ತಿಯಾಯಿತು. ಒಂದು ಕಡೆ ಅಸೆಂಬ್ಲಿ ಪಟ್ಟಿಯ ವಿಶೇಷ ಪರಿಷ್ಕರಣೆ, ಅಂದರೆ ಎಲ್ಲರೂ ಎಸ್‌ಐಆರ್ ಎಂದು ಕರೆದದ್ದು. ಬಿಎಲ್‌ಒಗಳು (ಬೂತ್ ಮಟ್ಟದ ಅಧಿಕಾರಿಗಳು) ಮನೆಮನೆಗೆ ಫಾರಂ ತಂದರು. ಇನ್ನೊಂದು ಕಡೆ ಡಿಸೆಂಬರ್ 11ಕ್ಕೆ ನಮ್ಮ ಜಿಲ್ಲೆಯಲ್ಲಿ ಪಂಚಾಯತ್ ಮತದಾನ. ಬಿಎಲ್‌ಒ ಕೈಗೆ ಫಾರಂ ತುಂಬಿ ಕೊಟ್ಟವರು ಪಂಚಾಯತ್ ಪಟ್ಟಿಯ ಕೆಲಸವೂ ಮುಗಿಯಿತು ಅಂದುಕೊಂಡರೆ ಅವರನ್ನು ದೂರುವಂತಿಲ್ಲ. ಆದರೆ ಆ ಫಾರಂಗೂ ಪಂಚಾಯತ್ ಪಟ್ಟಿಗೂ ಯಾವ ಸಂಬಂಧವೂ ಇರಲಿಲ್ಲ.

ಮುಂದಿನ ಸಾಮಾನ್ಯ ಪಂಚಾಯತ್ ಚುನಾವಣೆ 2030ಕ್ಕೆ. ಅಷ್ಟರಲ್ಲಿ ನಿಮ್ಮ ವಾರ್ಡಿಗೆ ಉಪಚುನಾವಣೆ ಬಂದರೂ ಬರಬಹುದು. ಕೆಲಸವನ್ನು ಈಗಲೇ ಶುರು ಮಾಡುವುದು ಒಳ್ಳೆಯದು.

ಕಾನೂನಿನಲ್ಲಿ ಏನೇನು ಬದಲಾಗಿದೆ

ರಾಜ್ಯ ವಿಧಾನಸಭೆ ಕಾನೂನು ತಿದ್ದಿದರೆ ನಮ್ಮ ಮನೆಯಂಗಳಕ್ಕೆ ಏನಾಗುತ್ತದೆ ಎಂದು ಅನಿಸಬಹುದು. ಆಗುತ್ತದೆ. 2009ರ ತಿದ್ದುಪಡಿಯಲ್ಲಿ ಮಹಿಳೆಯರಿಗೆ ಅರ್ಧ ಸೀಟು ಮೀಸಲಾಯಿತು. 2010ರ ಚುನಾವಣೆಯಿಂದ ಅದು ಜಾರಿಗೆ ಬಂತು. ಸಂವಿಧಾನ ಕೇಳುವುದು ಮೂರನೇ ಒಂದು ಭಾಗ ಮಾತ್ರ. ಅದಕ್ಕಿಂತ ಮುಂದೆ ಹೋದದ್ದು ರಾಜ್ಯದ ಕಾನೂನು. 2020ರಲ್ಲಿ ಕೋವಿಡ್ ಇದ್ದಾಗ ಸುಗ್ರೀವಾಜ್ಞೆ ತಂದು ಮತದಾನದ ಸಮಯವನ್ನು ಸಂಜೆ 5ರಿಂದ 6ಕ್ಕೆ ಒಯ್ದರು. ಸೋಂಕಿತರಿಗೆ ಮತ್ತು ಕ್ವಾರಂಟೈನ್‌ನಲ್ಲಿದ್ದವರಿಗೆ ವಿಶೇಷ ಅಂಚೆ ಮತ ಕೊಟ್ಟರು.

ದೊಡ್ಡ ಬದಲಾವಣೆ ಬಂದದ್ದು 2024ರ ಜೂನ್ 10ಕ್ಕೆ. ಅಂದು ವಿಧಾನಸಭೆ ಎರಡೂ ಕಾಯಿದೆಗಳನ್ನು ತಿದ್ದಿತು. ಗ್ರಾಮ ಪಂಚಾಯತ್‌ನಲ್ಲಿ ಕನಿಷ್ಠ 13, ಗರಿಷ್ಠ 23 ವಾರ್ಡ್ ಇದ್ದದ್ದು 14 ಮತ್ತು 24 ಆಯಿತು. ಜಿಲ್ಲಾ ಪಂಚಾಯತ್‌ಗೆ 16–32 ಡಿವಿಷನ್ (ಅಲ್ಲಿ ವಾರ್ಡಿಗೆ ಹೇಳುವ ಹೆಸರು) ಇದ್ದದ್ದು 17–33 ಆಯಿತು. ನಮ್ಮ ಕಾಸರಗೋಡು ಜಿಲ್ಲಾ ಪಂಚಾಯತ್ 17 ಡಿವಿಷನ್‌ನಿಂದ 18ಕ್ಕೆ ಏರಿತು. ಕೇಳಲು ಸಣ್ಣ ಲೆಕ್ಕ. ಆದರೆ ಒಂದು ಪಂಚಾಯತ್‌ಗೆ ಒಂದೇ ವಾರ್ಡ್ ಸೇರಿಸಬೇಕಾದರೂ ಸುತ್ತಲಿನ ಗಡಿಗಳನ್ನೆಲ್ಲ ಸರಿಸಬೇಕು. ವಾರ್ಡಿನ ನಂಬರ್ ಬದಲಾಗುತ್ತದೆ. ಮನೆ ನಂಬರ್ ಬದಲಾಗುತ್ತದೆ. ಬೂತ್ ಬದಲಾಗುತ್ತದೆ. ಒಂದೇ ಬೈಲಿನ ಎರಡು ಮನೆಗಳು ಎರಡು ವಾರ್ಡಿಗೆ ಹೋಗಬಹುದು. ಹೆಸರು ತಪ್ಪಿಹೋಗುವುದು ಹೆಚ್ಚಾಗಿ ಇಲ್ಲೇ.

ಹಂತ 1: ನಿಮ್ಮ ಈಗಿನ ವಾರ್ಡ್ ಯಾವುದು, ತಿಳಿದುಕೊಳ್ಳಿ

ರೇಶನ್ ಕಾರ್ಡಿನಲ್ಲಿ ಇರುವ ವಾರ್ಡ್ ಮತ್ತು ಮನೆ ನಂಬರ್ ನಂಬಿ ಕೂರಬೇಡಿ. ಅದು ಹಳೆಯದಿರಬಹುದು. ಪಂಚಾಯತ್ ಆಫೀಸಿಗೆ ಹೋಗಿ ಹೊಸ ವಾರ್ಡಿನ ಹೆಸರು, ನಂಬರ್ ಮತ್ತು ನಿಮ್ಮ ಹೊಸ ಮನೆ ನಂಬರ್ ಕೇಳಿ ಬರೆದುಕೊಳ್ಳಿ. ಜೊತೆಗೆ ನಿಮ್ಮ ವಾರ್ಡ್ ಯಾವ ಬ್ಲಾಕ್ ಡಿವಿಷನ್, ಯಾವ ಜಿಲ್ಲಾ ಡಿವಿಷನ್‌ಗೆ ಸೇರುತ್ತದೆ ಎಂದೂ ಕೇಳಿ. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ ಮುಂತಾದವು ಮಂಜೇಶ್ವರ ಬ್ಲಾಕ್. ಬೆಳ್ಳೂರು, ಕುಂಬ್ಡಾಜೆ, ದೇಲಂಪಾಡಿ ಕಾರಡ್ಕ ಬ್ಲಾಕ್. ಬದಿಯಡ್ಕ, ಮಧೂರು, ಕುಂಬಳೆ ಕಾಸರಗೋಡು ಬ್ಲಾಕ್. ಕಾಸರಗೋಡು, ಕಾಞಂಗಾಡ್, ನೀಲೇಶ್ವರ ಪೇಟೆಯೊಳಗೆ ಇರುವವರಿಗೆ ನಗರಸಭೆ. ಅವರಿಗೆ ಬ್ಲಾಕೂ ಇಲ್ಲ, ಜಿಲ್ಲಾ ಪಂಚಾಯತ್ ಓಟೂ ಇಲ್ಲ.

ಹಂತ 2: ಪಟ್ಟಿಯಲ್ಲಿ ಹೆಸರು ಹುಡುಕಿ

ರಾಜ್ಯ ಚುನಾವಣಾ ಆಯೋಗದ ವೆಬ್‌ಸೈಟ್ ಇದೆ: ಎಸ್‌ಇಸಿ ಡಾಟ್ ಕೇರಳ ಡಾಟ್ ಗವ್ ಡಾಟ್ ಇನ್. ಹೆಸರು ಅಥವಾ ಗುರುತಿನ ಚೀಟಿಯ ನಂಬರ್ ಹಾಕಿ ಹುಡುಕಬಹುದು. ವಾರ್ಡಿನ ಇಡೀ ಪಟ್ಟಿಯನ್ನು ಇಳಿಸಿಕೊಂಡು ನೋಡುವುದು ಇನ್ನೂ ಒಳ್ಳೆಯದು. ಮೊಬೈಲಿನಲ್ಲಿ ಆಗದಿದ್ದರೆ ಹತ್ತಿರದ ಅಕ್ಷಯ ಕೇಂದ್ರಕ್ಕೆ (ಸರಕಾರಿ ಆನ್‌ಲೈನ್ ಸೇವಾ ಕೇಂದ್ರ) ಹೋಗಿ. ಪಟ್ಟಿಯನ್ನು ಪರಿಷ್ಕರಿಸುವ ಸಮಯದಲ್ಲಿ ಪಂಚಾಯತ್ ಆಫೀಸಿನಲ್ಲೂ ಅದನ್ನು ಇಟ್ಟಿರುತ್ತಾರೆ.

ಹುಡುಕುವಾಗ ಒಂದು ವಿಷಯ ಗಮನದಲ್ಲಿರಲಿ. ನಮ್ಮ ಹೆಸರುಗಳು ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ರೂಪ ಕೆಡುತ್ತವೆ. ಐತ್ತಪ್ಪ, ಕೊರಗಪ್ಪ, ಲಿಂಗಪ್ಪ, ಯಮುನಾ, ಯಾವುದಾದರೂ ಒಂದಕ್ಷರ ಆಚೀಚೆ ಆಗಿರುತ್ತದೆ. ಹೆಸರು ಸಿಗಲಿಲ್ಲ ಅಂತ ಕೂಡಲೇ ಕೈಬಿಡಬೇಡಿ. ಮನೆ ಹೆಸರು ಅಥವಾ ಮನೆ ನಂಬರ್ ಹಿಡಿದು ನೋಡಿ. ತಂದೆ ಅಥವಾ ಗಂಡನ ಹೆಸರಿನ ಸಾಲನ್ನೂ ನೋಡಿ. ನಿಮ್ಮ ವಾರ್ಡಿನಲ್ಲಿ ಇಲ್ಲದಿದ್ದರೆ ಪಕ್ಕದ ವಾರ್ಡುಗಳಲ್ಲೂ ಹುಡುಕಿ. ವಾರ್ಡ್ ಗಡಿಗಳ ವಿಂಗಡಣೆಯಾದ ಮೇಲೆ ಮನೆಯೊಂದು ಕಡೆ, ಹೆಸರೊಂದು ಕಡೆ ಆಗುವುದು ಅಪರೂಪವಲ್ಲ.

ಸಿಕ್ಕಿದರೆ ಅದರ ಜೊತೆ ಎಸ್‌ಇಸಿ ಎಂಬ ಮೂರು ಅಕ್ಷರ ಮತ್ತು ಒಂಬತ್ತು ಅಂಕೆಗಳ ಒಂದು ನಂಬರ್ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲ ಕೆಲಸಕ್ಕೂ ಅದು ಬೇಕು. ಮನೆಯ ಎಲ್ಲರದ್ದೂ ಒಂದೇ ಕೂತು ನೋಡಿಬಿಡಿ. ಅಜ್ಜ ಅಜ್ಜಿಯರ ಹೆಸರನ್ನು ಮರೆಯಬೇಡಿ. ಅವರೇ ಪ್ರತಿ ಸಲ ತಪ್ಪದೆ ಓಟು ಹಾಕುವವರು, ಹೆಸರಿಲ್ಲದಿದ್ದರೆ ತುಂಬ ನೊಂದುಕೊಳ್ಳುವವರೂ ಅವರೇ.

ಹಂತ 3: ಸರಿಯಾದ ಫಾರಂ ಹಿಡಿಯಿರಿ

ಜನ ಅತಿ ಹೆಚ್ಚು ಎಡವುವ ಜಾಗ ಇದು. ಎರಡು ಆಯೋಗಗಳ ಫಾರಂಗಳಿಗೆ ಒಂದೇ ಥರದ ನಂಬರ್ ಇವೆ, ಕೆಲಸ ಮಾತ್ರ ಬೇರೆ ಬೇರೆ.

ಪಂಚಾಯತ್ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಲು ಫಾರಂ 4. ಬೇರೆಯವರ ಹೆಸರಿಗೆ ಆಕ್ಷೇಪ ಹೇಳಲು, ತೆಗೆಸಲು ಫಾರಂ 5. ಹೆಸರು, ವಯಸ್ಸು, ಮನೆ ನಂಬರ್ ತಿದ್ದಲು ಫಾರಂ 6. ಒಂದು ವಾರ್ಡಿನಿಂದ ಇನ್ನೊಂದಕ್ಕೆ ಅಥವಾ ಒಂದು ಬೂತ್‌ನಿಂದ ಇನ್ನೊಂದಕ್ಕೆ ಹೋಗಲು ಫಾರಂ 7.

ಅಸೆಂಬ್ಲಿ ಪಟ್ಟಿಯಲ್ಲಾದರೆ ಹೊಸ ಹೆಸರಿಗೆ ಫಾರಂ 6, ತೆಗೆಸಲು ಫಾರಂ 7, ತಿದ್ದುಪಡಿ ಮತ್ತು ಸ್ಥಳ ಬದಲಾವಣೆಗೆ ಫಾರಂ 8. ಅಂದರೆ 6 ಅಲ್ಲಿ ಹೊಸ ಹೆಸರಿನ ಫಾರಂ, ಇಲ್ಲಿ ತಿದ್ದುಪಡಿಯ ಫಾರಂ. 7 ಅಲ್ಲಿ ಹೆಸರು ತೆಗೆಸುವ ನಂಬರ್, ಇಲ್ಲಿ ವಾರ್ಡ್ ಬದಲಿಸುವ ನಂಬರ್! "ಫಾರಂ 6 ಹಾಕಿದ್ದೇನೆ" ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು "ಯಾವ ಆಯೋಗಕ್ಕೆ?" ಎಂದು. ಅಕ್ಷಯ ಕೇಂದ್ರದಲ್ಲೂ "ವೋಟರ್ ಲಿಸ್ಟಿಗೆ ಹೆಸರು ಸೇರಿಸಿ" ಎಂದಷ್ಟೇ ಹೇಳಬೇಡಿ. "ಪಂಚಾಯತ್ ಪಟ್ಟಿಗೆ, ರಾಜ್ಯ ಚುನಾವಣಾ ಆಯೋಗದ ಸೈಟಿನಲ್ಲಿ" ಎಂದು ಬಿಡಿಸಿ ಹೇಳಿ.

ವಯಸ್ಸಿನ ಲೆಕ್ಕವೂ ಬೇರೆ. ಅಸೆಂಬ್ಲಿ ಪಟ್ಟಿಗೆ ಈಗ ವರ್ಷದಲ್ಲಿ ನಾಲ್ಕು ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಪಂಚಾಯತ್ ಪಟ್ಟಿಗೆ ಜನವರಿ 1 ಒಂದೇ. 2025ರ ಪಟ್ಟಿಗೆ 2025ರ ಜನವರಿ 1ಕ್ಕೆ 18 ತುಂಬಿರಬೇಕಿತ್ತು. ಫೆಬ್ರವರಿಯಲ್ಲಿ ಹುಟ್ಟಿದ ಮಗಳಿಗೆ ಡಿಸೆಂಬರ್‌ನಲ್ಲಿ ಓಟು ಸಿಗದಿದ್ದರೆ ಅದು ಆಫೀಸಿನವರ ತಪ್ಪಲ್ಲ, ಕಾನೂನೇ ಹಾಗಿದೆ. ಇದನ್ನು ಬದಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಸೆಂಬ್ಲಿ ಪಟ್ಟಿಗೆ ಸಾಧ್ಯವಾದದ್ದು ಪಂಚಾಯತ್‌ಗೂ ಸಾಧ್ಯವಾಗಬೇಕು.

ಅರ್ಜಿ ಹಾಕುವ ಕಿಟಕಿ ಸದಾ ತೆರೆದಿರುವುದಿಲ್ಲ. ಆಯೋಗ ಕರಡು ಪಟ್ಟಿ ಪ್ರಕಟಿಸಿ ಕೆಲವು ದಿನ ಕೊಡುತ್ತದೆ. 2025ರಲ್ಲಿ ಜುಲೈ–ಆಗಸ್ಟ್‌ನಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಒಮ್ಮೆ, ಕೊನೆಗೆ ನವೆಂಬರ್ 4 ಮತ್ತು 5, ಎರಡೇ ದಿನ ಅವಕಾಶ ಕೊಟ್ಟಿತ್ತು. ಈ ಪ್ರಕಟಣೆಗಳು ಹೆಚ್ಚಾಗಿ ಮಲಯಾಳ ಪತ್ರಿಕೆಗಳಲ್ಲೇ ಮೊದಲು ಕಾಣುತ್ತವೆ. ಊರಿನ ಕುಡುಂಬಶ್ರೀ ಅಥವಾ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ಅದನ್ನು ಕನ್ನಡದಲ್ಲಿ ಎರಡು ಸಾಲು ಬರೆದು ಹಾಕಿದರೆ ಎಷ್ಟೋ ಮನೆಗೆ ಉಪಕಾರ.

ಹಂತ 4: ಹಿಯರಿಂಗ್‌ಗೆ ಹೋಗಿ

ಆನ್‌ಲೈನಿನಲ್ಲಿ ಫಾರಂ 4 ಹಾಕಿದರೆ ಕೆಲಸ ಮುಗಿಯುವುದಿಲ್ಲ. ಹಿಯರಿಂಗ್ (ವಿಚಾರಣೆ) ದಿನಾಂಕದ ನೋಟಿಸ್ ಬರುತ್ತದೆ. ಆ ದಿನ ಮತದಾರರ ನೋಂದಣಿ ಅಧಿಕಾರಿಯ ಮುಂದೆ ಹೋಗಬೇಕು. ಪಂಚಾಯತ್‌ನಲ್ಲಿ ಅಧಿಕಾರಿ ಅಂದರೆ ಪಂಚಾಯತ್ ಸೆಕ್ರೆಟರಿ, ನಗರಸಭೆಯಲ್ಲಿ ನಗರಸಭೆ ಸೆಕ್ರೆಟರಿ. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಪುಸ್ತಕ, ವಾಸಕ್ಕೆ ರೇಶನ್ ಕಾರ್ಡ್ ಅಥವಾ ಆಧಾರ್ ಜೊತೆಗಿರಲಿ. ಮೂಲವನ್ನೂ ಜೆರಾಕ್ಸನ್ನೂ ಒಯ್ಯಿರಿ.

ನಿಮ್ಮ ಹೆಸರಿನ ಮೇಲೆ ಯಾರಾದರೂ ಫಾರಂ 5 ಹಾಕಿದ್ದರೆ ನಿಮಗೂ ನೋಟಿಸ್ ಬರುತ್ತದೆ. "ನಾವು ಇಲ್ಲೇ ಹುಟ್ಟಿ ಬೆಳೆದವರು, ಹೋಗದಿದ್ದರೇನು" ಎಂದು ಸುಮ್ನೆ ಕೂರಬೇಡಿ. ನೀವು ಬಾರದಿದ್ದರೆ ಆಕ್ಷೇಪ ಹೇಳಿದವರ ಮಾತೇ ದಾಖಲೆಯಲ್ಲಿ ಉಳಿಯುತ್ತದೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಸ್ಥಳೀಯಾಡಳಿತ ಇಲಾಖೆಯ ಜಿಲ್ಲಾ ಜಂಟಿ ನಿರ್ದೇಶಕರಿಗೆ ಮೇಲ್ಮನವಿ ಕೊಡಬಹುದು. ಅದಕ್ಕೆ ಮೊದಲಿನ ತೀರ್ಮಾನದ ಪ್ರತಿ ಬೇಕು. ಬಾಯಿಮಾತಿನಲ್ಲಿ "ಆಗುವುದಿಲ್ಲ" ಎಂದರೆ ಬರೆದು ಕೊಡಿ ಎಂದು ಕೇಳಿ.

ಗಡಿಯ ಮನೆಗಳ ಕಷ್ಟ

ನಮ್ಮ ಕಡೆ ಮದುವೆಗಳು ಗಡಿ ನೋಡಿ ಆಗುವುದಿಲ್ಲ. ವಿಟ್ಲದಿಂದ ಪೈವಳಿಕೆಗೆ, ಸುಳ್ಯದಿಂದ ದೇಲಂಪಾಡಿಗೆ ಸೊಸೆಯಾಗಿ ಬಂದವರು ಎಷ್ಟೋ. ಅವರ ಹೆಸರು ಕರ್ನಾಟಕದ ಪಟ್ಟಿಯಲ್ಲೇ ಉಳಿದಿರುತ್ತದೆ. ಅಂಥವರು ಮೊದಲು ಅಸೆಂಬ್ಲಿ ಪಟ್ಟಿಯಲ್ಲಿ ಫಾರಂ 8 ಹಾಕಿ ಇಲ್ಲಿಗೆ ಬದಲಿಸಿಕೊಳ್ಳಬೇಕು. ಪಂಚಾಯತ್ ಪಟ್ಟಿಗೆ ಬೇರೆಯಾಗಿ ಫಾರಂ 4 ಹಾಕಬೇಕು. ಎರಡೂ ಮಾಡಬೇಕು. ಒಂದು ಮಾಡಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ.

ಕೆಲಸಕ್ಕೆ ಮಂಗಳೂರಿನಲ್ಲಿ ಇರುವವರದ್ದು ಇನ್ನೊಂದು ಪ್ರಶ್ನೆ. ಕಾನೂನು ಕೇಳುವುದು ನೀವು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತೀರಿ ಎಂದು. ಊರಿನಲ್ಲಿ ಮನೆ, ಅಡಿಕೆ ತೋಟ ಇದೆ ಎಂಬುದೊಂದೇ ಸಾಲದು. ಹಾಗೆಯೇ ಕೆಲವು ದಿನ ಊರು ಬಿಟ್ಟಿದ್ದೀರಿ ಎಂಬ ಕಾರಣಕ್ಕೆ ವಾಸ ತಪ್ಪುವುದೂ ಇಲ್ಲ. ದಿನಾ ರೈಲಿನಲ್ಲಿ ಹೋಗಿ ಬರುವವರಿಗೆ, ವಾರಕ್ಕೊಮ್ಮೆ ಮನೆಗೆ ಬರುವವರಿಗೆ ಹೆದರಿಕೆ ಬೇಡ. ಅಲ್ಲೇ ಸಂಸಾರ ಹೂಡಿ, ಮಕ್ಕಳನ್ನು ಶಾಲೆಗೆ ಹಾಕಿದವರು ಅಲ್ಲಿಯ ಪಟ್ಟಿಗೆ ಹೋಗುವುದು ಸರಿ. ಎರಡು ಕಡೆ ಹೆಸರು ಇಟ್ಟುಕೊಳ್ಳಬೇಡಿ. ಸುಳ್ಳು ಘೋಷಣೆಗೆ ಶಿಕ್ಷೆ ಇದೆ.

ಗಲ್ಫಿನಲ್ಲಿ ಇರುವವರಿಗೆ ಫಾರಂ 4ಎ ಎಂಬ ಬೇರೆಯೇ ಫಾರಂ ಇದೆ. ಪ್ರವಾಸಿ ಮತದಾರರ, ಅಂದರೆ ಹೊರದೇಶದಲ್ಲಿ ಇರುವವರ, ಪಟ್ಟಿಯೂ ಬೇರೆ. ಭಾರತದ ಪೌರತ್ವ ಬಿಟ್ಟಿರಬಾರದು. ಓಟಿನ ದಿನ ಖುದ್ದಾಗಿ ಊರಿಗೆ ಬಂದು ಪಾಸ್‌ಪೋರ್ಟಿನ ಮೂಲ ತೋರಿಸಿಯೇ ಮತ ಹಾಕಬೇಕು. 2025ರಲ್ಲಿ ಇಡೀ ಕೇರಳದಲ್ಲಿ ಈ ಪಟ್ಟಿಗೆ ಸೇರಿದವರು ನಾಲ್ಕು ಸಾವಿರವೂ ದಾಟಲಿಲ್ಲ. ಗಲ್ಫಿಗೆ ಮಕ್ಕಳನ್ನು ಕಳಿಸಿದ ಮನೆಗಳು ನಮ್ಮ ಜಿಲ್ಲೆಯಲ್ಲೇ ಎಷ್ಟಿವೆ ಎಂದು ಯೋಚಿಸಿದರೆ, ಈ ಫಾರಂ ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ ಎಂದು ತಿಳಿಯುತ್ತದೆ.

ಕನ್ನಡದಲ್ಲೇ ಬರೆಯಿರಿ

1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಒಂದು ಹಕ್ಕು ಕೊಟ್ಟಿದೆ. ರಾಜ್ಯ ಸರಕಾರದೊಂದಿಗೆ, ಇಲಾಖೆಗಳ ಮುಖ್ಯಸ್ಥರೊಂದಿಗೆ ಮತ್ತು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಎನ್ನುತ್ತದೆ. ಹಾಗಾಗಿ ದೂರು, ಮೇಲ್ಮನವಿ, ವಾರ್ಡ್ ಗಡಿಯ ಬಗ್ಗೆ ಆಕ್ಷೇಪ, ಇವೆಲ್ಲ ಕನ್ನಡದಲ್ಲಿ ಬರೆಯಿರಿ. ಮೊದಲ ಸಾಲಿನಲ್ಲೇ ಆ ಕಾಯಿದೆ ಮತ್ತು ಈ ವಿಧಿ ಎರಡನ್ನೂ ಹೆಸರಿಸಿ. ಒಂದು ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಇದನ್ನು ಬಳಸುವವರು ಕಡಿಮೆಯಾದಷ್ಟೂ ಕಚೇರಿಗಳಲ್ಲಿ ಕನ್ನಡ ಬಲ್ಲವರ ಅಗತ್ಯ ಇಲ್ಲ ಎಂದಾಗುತ್ತದೆ. ಅರ್ಜಿ ಬೇಗ ಮುಗಿಯಲಿ ಎಂದು ಮಲಯಾಳದಲ್ಲಿ ಬರೆಸಿಕೊಳ್ಳುವವರ ಅವಸರ ನನಗೆ ಅರ್ಥವಾಗುತ್ತದೆ. ಆದರೂ ಆಗುವವರು ಕನ್ನಡದಲ್ಲೇ ಬರೆಯಬೇಕು.

ಮುಂದಿನ ಸಲ ವಾರ್ಡ್ ಗಡಿ ಬದಲಾಗುವಾಗ

ರಾಜ್ಯ ಕಾನೂನು ತಿದ್ದಿದ ಮೇಲೆ ವಿಂಗಡಣಾ ಆಯೋಗ ಬರುತ್ತದೆ. ಹೋದ ಸಲ ರಾಜ್ಯ ಚುನಾವಣಾ ಆಯುಕ್ತರೇ ಅದರ ಅಧ್ಯಕ್ಷರಾಗಿದ್ದರು. 2024ರ ನವೆಂಬರ್ 18ಕ್ಕೆ ವಾರ್ಡುಗಳ ಕರಡು ಬಂತು. ಆಕ್ಷೇಪಕ್ಕೆ ಸಿಕ್ಕಿದ್ದು ಡಿಸೆಂಬರ್ ಮೊದಲ ವಾರದವರೆಗೆ ಮಾತ್ರ. ಕರಡಿನಲ್ಲಿ ಗಡಿಯನ್ನು ತೋಡು, ರಸ್ತೆ, ಗುಡ್ಡ ಹಿಡಿದು ಹೇಳಿರುತ್ತಾರೆ. ಊರಿನ ಹಿರಿಯರೊಂದಿಗೆ ಕೂತು ಆ ಗಡಿಯನ್ನು ಕಾಲ್ನಡಿಗೆಯಲ್ಲೇ ನೋಡಿ ಬನ್ನಿ. ಆಕ್ಷೇಪದಲ್ಲಿ "ನಮಗೆ ಅನ್ಯಾಯವಾಗಿದೆ" ಎಂದರೆ ಸಾಲದು. ಯಾವ ಮನೆಗಳು ಆಚೆ ಹೋದವು, ಬೂತ್‌ಗೆ ಎಷ್ಟು ದೂರವಾಯಿತು, ಮಳೆಗಾಲದಲ್ಲಿ ತೋಡು ದಾಟಲು ಸಂಕ ಇದೆಯೇ, ಎಷ್ಟು ಮನೆ, ಎಷ್ಟು ಜನ ಎಂದು ಬರೆಯಿರಿ.

ಕೋರ್ಟಿನವರೆಗೂ ಹೋದವರಿದ್ದಾರೆ. ನಮ್ಮ ಜಿಲ್ಲೆಯ ಪಡನ್ನ ಪಂಚಾಯತ್ ಮತ್ತು ಎಂಟು ನಗರಸಭೆಗಳ ವಿಂಗಡಣೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತ್ತು. 2011ರ ಜನಗಣತಿಯ ಆಧಾರದಲ್ಲಿ ಅಲ್ಲಿ ಒಮ್ಮೆ ವಿಂಗಡಣೆ ಆಗಿದೆ, ಅದೇ ಗಣತಿ ಹಿಡಿದು ಮತ್ತೆ ಯಾಕೆ ಎಂಬುದು ಅಲ್ಲಿನ ವಾದ. ಆಮೇಲೆ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಹಾಗಾಗಿ ಕೋರ್ಟನ್ನು ನಂಬಿ ಕೂರುವುದಕ್ಕಿಂತ ಕರಡಿನ ಹಂತದಲ್ಲೇ ಆಕ್ಷೇಪ ಕೊಡುವುದು ಲೇಸು.

ಮತದಾನದ ದಿನ

ಸಮಯ ಬೆಳಿಗ್ಗೆ 7ರಿಂದ ಸಂಜೆ 6. ಆರು ಗಂಟೆಗೆ ಸಾಲಿನಲ್ಲಿ ಇದ್ದವರಿಗೆಲ್ಲ ಓಟು ಹಾಕಲು ಬಿಡುತ್ತಾರೆ. ಗುರುತಿಗೆ ಚುನಾವಣಾ ಗುರುತಿನ ಚೀಟಿ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಪಾನ್ ಕಾರ್ಡ್, ಆಧಾರ್, ಫೋಟೋ ಇರುವ ಎಸ್‌ಎಸ್‌ಎಲ್‌ಸಿ ಪುಸ್ತಕ ಇವುಗಳಲ್ಲಿ ಒಂದು ಸಾಕು. ಫೋಟೋ ಇರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್ಕೂ ಆಗುತ್ತದೆ, ಆದರೆ ಅದು ಕನಿಷ್ಠ ಆರು ತಿಂಗಳು ಹಳೆಯದಿರಬೇಕು.

ಪಂಚಾಯತ್ ಪ್ರದೇಶದವರಿಗೆ ಒಳಗೆ ಮೂರು ಯಂತ್ರಗಳು ಸಾಲಾಗಿ ಇರುತ್ತವೆ. ಬಿಳಿ ಕಾಗದದ್ದು ಗ್ರಾಮ ಪಂಚಾಯತ್‌ಗೆ, ಗುಲಾಬಿ ಬ್ಲಾಕಿಗೆ, ನೀಲಿ ಜಿಲ್ಲಾ ಪಂಚಾಯತ್‌ಗೆ. ಹೆಸರುಗಳು ಮಲಯಾಳ ಅಕ್ಷರಮಾಲೆಯ ಕ್ರಮದಲ್ಲಿ ಇರುತ್ತವೆ. ನಮ್ಮಂಥ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಕನ್ನಡದಲ್ಲೂ ಹೆಸರು ಅಚ್ಚಾಗಿರುತ್ತದೆ. ಒಂದೊಂದರಲ್ಲಿ ಒಂದು ಗುಂಡಿ ಒತ್ತಿದಾಗ ಕೆಂಪು ದೀಪ ಹೊತ್ತಿ ಸಣ್ಣ ಬೀಪ್ ಬರುತ್ತದೆ. ಮೂರೂ ಆದ ಮೇಲೆ ಉದ್ದನೆಯ ಬೀಪ್. ಅದು ಕೇಳುವವರೆಗೆ ಹೊರಗೆ ಬರಬೇಡಿ. ಮೊದಲ ಯಂತ್ರ ಒತ್ತಿದ ಕೂಡಲೇ ಮುಗಿಯಿತು ಎಂದು ಹೊರಟುಬಿಡುವವರಿದ್ದಾರೆ. ವಯಸ್ಸಾದವರಿಗೆ ಇದನ್ನು ಮನೆಯಲ್ಲೇ ಹೇಳಿ ಕಳಿಸಿ.

ಅಸೆಂಬ್ಲಿಯಲ್ಲಿ ಇರುವ ನೋಟಾ (ಯಾರಿಗೂ ಓಟಿಲ್ಲ ಎಂಬ ಗುಂಡಿ) ಇಲ್ಲಿ ಇಲ್ಲ. ಅದರ ಬದಲು ಕೊನೆಯ ಯಂತ್ರದಲ್ಲಿ ಎಂಡ್ ಎಂಬ ಗುಂಡಿ ಇದೆ. ಯಾವುದಾದರೂ ಒಂದಕ್ಕೆ ಓಟು ಬೇಡ ಎಂದಿದ್ದರೆ, ಬೇಕಾದದ್ದಕ್ಕೆ ಹಾಕಿ ಕೊನೆಗೆ ಎಂಡ್ ಒತ್ತಬೇಕು. ಮೊದಲೇ ಎಂಡ್ ಒತ್ತಿದರೆ ಮತ್ತೆ ಯಾವುದಕ್ಕೂ ಹಾಕಲು ಆಗುವುದಿಲ್ಲ. ಚೀಟಿ ಕಾಣಿಸುವ ವಿವಿಪ್ಯಾಟ್ ಕೂಡ ಇಲ್ಲಿ ಇರುವುದಿಲ್ಲ, ಹುಡುಕಬೇಡಿ. ನಗರಸಭೆಯವರಿಗೆ ಒಂದೇ ಯಂತ್ರ, ಒಂದೇ ಓಟು.

ಕಣ್ಣು ಕಾಣದವರು, ಕೈ ಆಡಿಸಲು ಆಗದವರು 18 ತುಂಬಿದ ಒಬ್ಬರನ್ನು ಜೊತೆಗೆ ಒಳಗೆ ಕರೆದುಕೊಂಡು ಹೋಗಬಹುದು. ಅಭ್ಯರ್ಥಿ ಅಥವಾ ಪೋಲಿಂಗ್ ಏಜೆಂಟ್ ಹಾಗೆ ಹೋಗುವಂತಿಲ್ಲ. ಮನೆಯವರೇ ಹೋಗಿ.

ಹೆಸರಿನಲ್ಲಿ ಅಕ್ಷರ ತಪ್ಪಿದೆ ಎಂದು ಏಜೆಂಟರು ತಕರಾರು ತೆಗೆದರೆ, ಮನೆ ನಂಬರ್, ತಂದೆ ಅಥವಾ ಗಂಡನ ಹೆಸರು, ಎಸ್‌ಇಸಿ ನಂಬರ್ ತೋರಿಸಿ. ಅಚ್ಚಿನ ತಪ್ಪಿಗೆ ಓಟು ತಪ್ಪಬಾರದು. ನೀವು ಹೋಗುವ ಮೊದಲೇ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಓಟು ಹಾಕಿದ್ದರೆ ಜಗಳ ಮಾಡಿ ವಾಪಸ್ ಬರಬೇಡಿ. ಪ್ರಿಸೈಡಿಂಗ್ ಆಫೀಸರ ಹತ್ತಿರ ಟೆಂಡರ್ಡ್ ಓಟು ಕೇಳಿ. ನೀವು ಯಾರು ಎಂಬುದು ಖಾತ್ರಿಯಾದರೆ ಯಂತ್ರದ ಬದಲು ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಲಕೋಟೆಯಲ್ಲಿ ಬೇರೆಯಾಗಿ ಇಡುತ್ತಾರೆ, ಸಾಮಾನ್ಯ ಎಣಿಕೆಗೆ ಸೇರಿಸುವುದಿಲ್ಲ. ಫಲಿತಾಂಶದ ಮೇಲೆ ಕೋರ್ಟಿನಲ್ಲಿ ದಾವೆ ನಡೆದರೆ ಆಗ ಅದು ಲೆಕ್ಕಕ್ಕೆ ಬರುತ್ತದೆ. ಒಂದೆರಡು ಓಟಿನಲ್ಲಿ ಗೆಲುವು ಸೋಲು ನಿರ್ಧಾರವಾಗುವ ನಮ್ಮ ಸಣ್ಣ ವಾರ್ಡುಗಳಲ್ಲಿ ಆ ಲಕೋಟೆಗೆ ಬೆಲೆ ಇದೆ.